ರಾಸ್ಪ್‌ಬೆರಿ ಗಿಡ ಬಾಡುತ್ತಿದೆಯಾ? ನೀರು ಹಾಕುವ ಮೊದಲು ಬೇರು ನೋಡಿ

ಮಣ್ಣು ಒದ್ದೆಯಾಗಿಯೇ ಇದೆ. ಗಿಡ ಮಾತ್ರ ವಾರದಿಂದ ನೀರೇ ಕಾಣದ ಹಾಗೆ ಜೋತು ಬಿದ್ದಿದೆ. ಇಂಥ ಗಿಡ ಕಂಡರೆ ಯಾರಿಗಾದರೂ ಮೊದಲು ಕೈ ಹೋಗುವುದು ನೀರಿನ ಪೈಪಿಗೆ. ನನ್ನ ಕೈಯೂ ಅಲ್ಲಿಗೇ ಹೋಗಿತ್ತು. ಹತ್ತು ದಿನ ಬೆಳಿಗ್ಗೆ ಸಂಜೆ ನೀರು ಹಾಕಿದೆ, ಇನ್ನಷ್ಟು ಬಾಡಿತು. ಹೊಟ್ಟೆಗೆ ಸಾಲುತ್ತಿಲ್ಲವೇನೋ ಅಂತ ಗೊಬ್ಬರ ಕೊಟ್ಟೆ, ಎಲೆಯ ಅಂಚು ಸುಟ್ಟಿತು. ಕೊನೆಗೆ ಮನೆಯಲ್ಲಿ ಬಿದ್ದಿದ್ದ ಯಾವುದೋ ಶಿಲೀಂಧ್ರನಾಶಕವನ್ನೂ ಹೊಡೆದೆ. ಎಲೆಗಳ ಮೇಲೆ ಬಿಳಿ ಕಲೆ ಉಳಿಯಿತೇ ಹೊರತು ಗಿಡ ಉಳಿಯಲಿಲ್ಲ. ಅಗೆದು ನೋಡಿದ್ದು ಇದೆಲ್ಲ ಮುಗಿದ ಮೇಲೆ. ಹತ್ತು ನಿಮಿಷದ ಕೆಲಸ ಅದು. ಮೊದಲ ದಿನವೇ ಮಾಡಬಹುದಿತ್ತು.

ಆದ್ದರಿಂದ ಇಲ್ಲಿರುವ ಕ್ರಮ ನಾನು ಮಾಡಿದ್ದಕ್ಕೆ ಪೂರ್ತಿ ತಲೆಕೆಳಗು. ಮೊದಲು ನೋಡುವುದು, ಆಮೇಲೆ ಅಗೆಯುವುದು, ಔಷಧಿಯ ಮಾತು ಕೊನೆಗೆ. ಅಲ್ಲಿಯವರೆಗೆ ನೀರು ನಿಲ್ಲಿಸಿ. ಬೆರಳು ಹಾಕಿದರೆ ಎರಡು ಇಂಚು ಕೆಳಗೂ ಮಣ್ಣು ಒದ್ದೆ ಇದೆ ಅಂದರೆ ಗಿಡಕ್ಕೆ ನೀರಿನ ಕೊರತೆ ಇಲ್ಲ. ಇರುವ ನೀರನ್ನು ಮೇಲೆ ಕಳಿಸಲು ಬೇರಿಗೆ ಆಗುತ್ತಿಲ್ಲ. ಆಗ ಮೊದಲ ಅನುಮಾನ ಬೇರು ಕೊಳೆಯ ಮೇಲೆ, ಅಂದರೆ ಮಣ್ಣಿನೊಳಗೇ ಬೇರನ್ನು ಕೊಳೆಸುವ ರೋಗದ ಮೇಲೆ.

ಮೊದಲ ಪ್ರಶ್ನೆ: ಒಣಗುತ್ತಿರುವುದು ಯಾವ ಕಡ್ಡಿ?

ರೋಗವೇ ಇಲ್ಲದೆ ಗಾಬರಿಯಾಗುವವರು ತುಂಬಾ ಜನ. ರಾಸ್ಪ್‌ಬೆರಿಯ ಬೇರು ವರ್ಷಗಟ್ಟಲೆ ಬದುಕುತ್ತದೆ, ಆದರೆ ಮಣ್ಣಿನಿಂದ ಮೇಲೆ ಬರುವ ಒಂದೊಂದು ಕಡ್ಡಿಯ ಆಯುಸ್ಸು ಎರಡೇ ವರ್ಷ. ಮೊದಲ ವರ್ಷ ಬೆಳೆಯುತ್ತದೆ, ಎರಡನೇ ವರ್ಷ ಹಣ್ಣು ಬಿಟ್ಟು ಸಾಯುತ್ತದೆ. ಮೊದಲ ವರ್ಷವೇ ತುದಿಯಲ್ಲಿ ಹಣ್ಣು ಬಿಡುವ ತಳಿಗಳೂ ಇವೆ. ಅವುಗಳಲ್ಲೂ ಹಣ್ಣು ಬಿಟ್ಟ ತುದಿಭಾಗ ಒಣಗುತ್ತದೆ.

ಹಾಗಾಗಿ ಹಣ್ಣಿನ ಕಾಲ ಮುಗಿದ ಮೇಲೆ ಹಳೆ ಕಡ್ಡಿಗಳು ಕಂದಾಗಿ ಒಣಗಿ, ಅವುಗಳ ಬುಡದಲ್ಲೇ ಹಸಿರು ಹೊಸ ಕಡ್ಡಿಗಳು ಗಟ್ಟಿಯಾಗಿ ನಿಂತಿದ್ದರೆ, ಸುಮ್ನೆ ಹಳೆಯದನ್ನು ನೆಲಮಟ್ಟಕ್ಕೆ ಕತ್ತರಿಸಿ. ಮುಂದೆ ಓದುವುದೂ ಬೇಡ.

ತಲೆ ಕೆಡಿಸಿಕೊಳ್ಳಬೇಕಾದದ್ದು ಎರಡು ಸಂದರ್ಭದಲ್ಲಿ. ಹಳೆ ಕಡ್ಡಿ ಹಣ್ಣಾಗುವ ಮೊದಲೇ, ಅಂದರೆ ಚಿಗುರು ಒಡೆದೋ ಹೂ ಬಿಟ್ಟೋ ಕಾಯಿ ಕಟ್ಟಿಯೋ ಕುಸಿದರೆ ಒಂದು. ಹೊಸ ಕಡ್ಡಿಗಳೇ ಬಾಡಿದರೆ, ಅಥವಾ ಹೊಸ ಕಡ್ಡಿ ಏಳುವುದೇ ಕಡಿಮೆಯಾದರೆ ಇನ್ನೊಂದು. ಎರಡೂ ಒಟ್ಟಿಗೇ ಕಂಡರೆ ಬೇರಿನ ಮೇಲಿನ ಅನುಮಾನ ಜಾಸ್ತಿ ಮಾಡಿಕೊಳ್ಳಿ.

ಸಾಲನ್ನು ದೂರದಿಂದ ನೋಡಿ

ಒಂದು ಗಿಡದ ಎಲೆಯನ್ನು ಹಿಡಿದುಕೊಂಡು ಕೂರುವ ಮೊದಲು ಹತ್ತು ಹೆಜ್ಜೆ ಹಿಂದೆ ಹೋಗಿ ಇಡೀ ಸಾಲನ್ನು ನೋಡಿ. ಬೇರು ಕೊಳೆ ಸಾಮಾನ್ಯವಾಗಿ ತಗ್ಗಿನಲ್ಲಿ ಶುರುವಾಗುತ್ತದೆ. ಮಳೆ ನಿಂತ ಮೇಲೂ ಎಲ್ಲಿ ನೀರು ನಿಲ್ಲುತ್ತದೋ ಅಲ್ಲಿ. ಅಲ್ಲಿಂದ ಸಾಲಿನುದ್ದಕ್ಕೂ, ಮುಖ್ಯವಾಗಿ ನೀರು ಹರಿಯುವ ದಿಕ್ಕಿನಲ್ಲಿ, ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಮುಂದೆ ಹೋಗುತ್ತದೆ. ಸತ್ತ ಗಿಡ, ಅದರ ಪಕ್ಕ ಅರ್ಧ ಬಾಡಿದ್ದು, ಅದರ ಪಕ್ಕ ಸ್ವಲ್ಪ ಹಳದಿಯಾದದ್ದು, ಆಮೇಲೆ ಚೆನ್ನಾಗಿರುವುದು. ಈ ಮೆಟ್ಟಿಲು ಕಂಡರೆ ರೋಗ ನಡೆದು ಬಂದ ದಾರಿಯೇ ಕಂಡ ಹಾಗೆ. ಸಾಲಿಗೆ ಸಾಲೇ ಒಂದೇ ದಿನ ಒಂದೇ ಥರ ಬಾಡಿದ್ದರೆ ಅದು ಬಿಸಿಲೋ, ಡ್ರಿಪ್ ಕಟ್ಟಿಕೊಂಡಿದ್ದೋ, ಕಳೆನಾಶಕ ಗಾಳಿಗೆ ಹಾರಿ ಬಿದ್ದದ್ದೋ ಇರಬೇಕು.

ಈಗ ಹತ್ತಿರ ಬನ್ನಿ. ಬೇರು ಕೊಳೆ ಹಿಡಿದ ಗಿಡದಲ್ಲಿ ಹೊಸ ಕಡ್ಡಿಯ ತುದಿ ಊರುಗೋಲಿನ ಹಿಡಿಯ ಹಾಗೆ ಬಾಗುತ್ತದೆ. ಹಳೆ ಕಡ್ಡಿಯಲ್ಲಿ ಪಕ್ಕದ ಚಿಗುರುಗಳು ಗಿಡ್ಡವಾಗಿ, ಎಲೆ ಸಣ್ಣದಾಗಿ ಹಳದಿಗೋ ತಾಮ್ರದ ಬಣ್ಣಕ್ಕೋ ತಿರುಗುತ್ತವೆ. ಎಲೆಯ ಅಂಚು ಸುಡುತ್ತದೆ. ಕಾಯಿ ಸಣ್ಣದಾಗಿ ಗಿಡದಲ್ಲೇ ಒಣಗುತ್ತದೆ.

ಒಂದು ಸಣ್ಣ ಪರೀಕ್ಷೆ ಇದೆ, ನನಗೆ ತುಂಬಾ ಇಷ್ಟವಾದದ್ದು. ಮಧ್ಯಾಹ್ನ ಬಾಡಿದ ಗಿಡವನ್ನು ಮಾರನೇ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಹೋಗಿ ನೋಡಿ. ಬರೀ ಬಿಸಿಲಿಗೆ ಬಾಡಿದ ಗಿಡ ರಾತ್ರಿ ಚೇತರಿಸಿಕೊಂಡು ನೆಟ್ಟಗೆ ನಿಂತಿರುತ್ತದೆ. ಬೇರು ಕೊಳೆತದ್ದು ಮೊದಮೊದಲು ಸ್ವಲ್ಪ ಎದ್ದ ಹಾಗೆ ಕಂಡರೂ ನಾಲ್ಕಾರು ದಿನದಲ್ಲಿ ಬೆಳಗಿನ ಹೊತ್ತೂ ಜೋತೇ ಇರುತ್ತದೆ.

ಬಿಸಿಲು ಏರಿದಾಗಲೇ ಇದೆಲ್ಲ ಕಾಣುವುದರಿಂದ ಬಿಸಿಲೇ ಕಾರಣ ಅಂದುಕೊಳ್ಳುತ್ತೇವೆ. ಮೋಸ ಹೋಗುವುದೇ ಇಲ್ಲಿ. ಬೇರು ಹಾಳಾದದ್ದು ಅದಕ್ಕೂ ಎಷ್ಟೋ ಹಿಂದೆ, ಮಣ್ಣು ತಂಪಾಗಿ ಒದ್ದೆಯಾಗಿದ್ದ ದಿನಗಳಲ್ಲಿ. ಆಗ ಗಿಡಕ್ಕೆ ಬೇಕಾದ ನೀರು ಕಡಿಮೆ, ಉಳಿದ ನಾಲ್ಕು ಬೇರಿನಲ್ಲೇ ಹೇಗೋ ನಿಭಾಯಿಸಿಕೊಂಡಿತ್ತು. ಬಿಸಿಲು ಬಂದು ಬೇಡಿಕೆ ಏರಿದಾಗ ಲೆಕ್ಕ ತಪ್ಪಿತು, ಅಷ್ಟೇ.

ಅಗೆಯುವುದು

ಇಲ್ಲಿ ಯಾವ ಗಿಡ ಅಗೆಯಬೇಕು ಅನ್ನುವುದೇ ಮುಖ್ಯ. ಪೂರ್ತಿ ಸತ್ತ ಗಿಡ ಬೇಡ. ಯಾವ ಕಾರಣಕ್ಕೆ ಸತ್ತ ಬೇರಾದರೂ ಕೊನೆಗೆ ಕಾಣುವುದು ಒಂದೇ ಥರ. ಅಷ್ಟು ಹೊತ್ತಿಗೆ ಸತ್ತದ್ದನ್ನು ತಿನ್ನುವ ಹತ್ತಾರು ಬೂಸ್ಟುಗಳು ಅದರೊಳಗೆ ಮನೆ ಮಾಡಿರುತ್ತವೆ. ಮೇಲೆ ಹೇಳಿದ ಮೆಟ್ಟಿಲಿನಲ್ಲಿ ಅರ್ಧ ಬಾಡಿದ ಗಿಡ ಆರಿಸಿ. ಹೋಲಿಸಿ ನೋಡಲು ಸಾಲಿನ ಇನ್ನೊಂದು ತುದಿಯ ಚೆನ್ನಾಗಿರುವ ಗಿಡದ ಒಂದು ಬದಿಯಲ್ಲೂ ಸ್ವಲ್ಪ ಅಗೆಯಿರಿ. ಆದರೆ ಅಗೆಯುವುದು ಚೆನ್ನಾಗಿರುವ ಗಿಡದಿಂದಲೇ ಶುರುವಾಗಲಿ. ಉಲ್ಟಾ ಮಾಡಿದರೆ ಸಲಿಕೆಯಲ್ಲಿ ರೋಗದ ಮಣ್ಣನ್ನು ನೀವೇ ಹೊತ್ತುಕೊಂಡು ಹೋಗಿ ಹಾಕಿದ ಹಾಗಾಗುತ್ತದೆ.

ಗಿಡವನ್ನು ಹಿಡಿದು ಕೀಳಬೇಡಿ. ಕೊಳೆತ ಬೇರು ಮಣ್ಣಿನಲ್ಲೇ ಉಳಿದು, ನೋಡಬೇಕಾದದ್ದೇ ಕೈತಪ್ಪುತ್ತದೆ. ಬುಡದಿಂದ ಒಂದಡಿ ದೂರದಲ್ಲಿ ಸುತ್ತ ಸಲಿಕೆ ಇಳಿಸಿ, ಮಣ್ಣಿನ ಹೆಂಟೆಯ ಸಮೇತ ಎತ್ತಿ. ರಾಸ್ಪ್‌ಬೆರಿಯ ಬಹುಪಾಲು ಬೇರು ಮೇಲಿನ ಒಂದೂವರೆ ಅಡಿಯಲ್ಲೇ ಇರುತ್ತದೆ, ಹಾಗಾಗಿ ತೀರಾ ಆಳಕ್ಕೆ ಹೋಗಬೇಕಿಲ್ಲ. ಹೆಂಟೆಯನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಬಿಟ್ಟರೆ ಮಣ್ಣು ತಾನಾಗಿ ಬಿಟ್ಟುಕೊಳ್ಳುತ್ತದೆ.

ಮೊದಲು ನೋಡಬೇಕಾದದ್ದು ಕೂದಲಿನಂಥ ಎಳೆಬೇರು. ಒಳ್ಳೆಯ ಗಿಡದಲ್ಲಿ ಅದು ಕೈತುಂಬ ಸಿಗುತ್ತದೆ. ಕೊಳೆ ಹಿಡಿದದ್ದರಲ್ಲಿ ದಪ್ಪ ಬೇರುಗಳು ಮಾತ್ರ ಬೋಳಾಗಿ ನೇತಾಡುತ್ತಿರುತ್ತವೆ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಹೊರಗಿನ ಪದರ ಕಾಲುಚೀಲ ಕಳಚಿದ ಹಾಗೆ ಜಾರಿ, ಒಳಗಿನ ದಾರ ಮಾತ್ರ ಉಳಿಯುತ್ತದೆ.

ಆಮೇಲೆ ಚಾಕು ತಗೊಳ್ಳಿ. ದಪ್ಪ ಬೇರಿನ ಹೊರಸಿಪ್ಪೆಯ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಆರೋಗ್ಯವಾಗಿರುವ ರಾಸ್ಪ್‌ಬೆರಿ ಬೇರಿನ ಸಿಪ್ಪೆಯೂ ಕಂದೇ. ಸಿಪ್ಪೆಯನ್ನು ತೆಳ್ಳಗೆ ಕೆರೆದು ಒಳಗೆ ನೋಡಬೇಕು. ಬಿಳಿ ಅಥವಾ ಕೆನೆ ಬಣ್ಣ ಇದ್ದರೆ ಬೇರು ಬದುಕಿದೆ. ಇಟ್ಟಿಗೆ ಕೆಂಪೋ ಕೆಂಪುಮಿಶ್ರಿತ ಕಂದೋ ಇದ್ದರೆ ಕೊಳೆ ಹಿಡಿದಿದೆ. ಹಾಗೇ ಕೆರೆಯುತ್ತಾ ಬೇರಿನಿಂದ ಬುಡದ ಕಡೆಗೆ, ಕಡ್ಡಿ ಮಣ್ಣಿನಿಂದ ಮೇಲೇಳುವ ಜಾಗದವರೆಗೆ ಬನ್ನಿ. ಎಲ್ಲೋ ಒಂದು ಕಡೆ ಕೆಂಪು ನಿಂತು ಬಿಳಿ ಶುರುವಾಗುತ್ತದೆ. ಆ ಗಡಿ ಗೆರೆ ಎಳೆದ ಹಾಗೆ ಸ್ಪಷ್ಟವಾಗಿದ್ದರೆ ಅದು ಬೇರು ಕೊಳೆಯ ಬಲವಾದ ಗುರುತು. ಇಷ್ಟು ಹೊತ್ತು ಹೇಳಿದ ಎಲ್ಲ ಗುರುತುಗಳಿಗಿಂತ ನಾನು ನಂಬುವುದು ಈ ಗೆರೆಯನ್ನು. ಗಾಳಿ ತಾಗಿದರೆ ಬಿಳಿ ಭಾಗವೂ ಬೇಗ ಕಂದಾಗುತ್ತದೆ, ಆದ್ದರಿಂದ ಕೆರೆದ ತಕ್ಷಣ ನೋಡಿ, ಬೇಕಿದ್ದರೆ ಫೋಟೋ ತೆಗೆದಿಡಿ.

ವಾಸನೆಯನ್ನೂ ನೋಡಿ. ಚರಂಡಿಯ ಹಾಗೆ ಗಬ್ಬು ನಾರುತ್ತಾ ಬೇರುಗಳು ಕಪ್ಪಾಗಿದ್ದರೆ, ನೀರು ನಿಂತು ಗಾಳಿಯಿಲ್ಲದೆ ಉಸಿರುಗಟ್ಟಿ ಸತ್ತಿರುವ ಸಾಧ್ಯತೆ ಇದೆ. ಕೆಂಪು ಕಂದು ಇದ್ದೂ ಅಷ್ಟು ನಾತ ಇಲ್ಲದಿದ್ದರೆ ರೋಗದ ಕಡೆಗೇ ತೂಕ ಜಾಸ್ತಿ. ಎರಡೂ ಒಟ್ಟಿಗೆ ಇರುವುದೂ ಉಂಟು. ಎರಡಕ್ಕೂ ಬೇಕಾದದ್ದು ನಿಂತ ನೀರೇ ಅಲ್ವಾ?

ಬೇರು ಬಿಳಿಯಾಗಿಯೇ ಇದ್ದರೆ

ಆಗ ಬೇರೆ ಕಡೆ ಹುಡುಕಬೇಕು. ಬುಡದಲ್ಲಿ ಮರದ ಪುಡಿಯಂಥದ್ದು ಬಿದ್ದಿದ್ದು, ಕಡ್ಡಿಯನ್ನು ಸ್ವಲ್ಪ ಅಲ್ಲಾಡಿಸಿದರೆ ಬುಡದಲ್ಲೇ ಮುರಿದು ಬಂದರೆ, ಬುಡ ಕೊರೆಯುವ ಹುಳು. ಸೀಳಿದರೆ ಬಿಳಿ ಮರಿಹುಳು ಸಿಗುತ್ತದೆ. ಹಳೆ ಕಡ್ಡಿಗಳು ಮಾತ್ರ ಚಿಗುರಿ ಕುಸಿದು, ಹೊಸ ಕಡ್ಡಿಗಳು ಭರ್ಜರಿಯಾಗಿ ಬರುತ್ತಿದ್ದರೆ, ಹಿಂದಿನ ಚಳಿಗೆ ಹಳೆ ಕಡ್ಡಿ ಸುಟ್ಟಿದೆ ಅಂತ ಅರ್ಥ. ಗಾಯವಾದ ಜಾಗದಿಂದ ಕಪ್ಪು ಕಲೆ ಹಬ್ಬಿ ಒಂದೇ ಒಂದು ಕಡ್ಡಿ ಒಣಗಿದರೆ ಅದು ಕಡ್ಡಿಯ ರೋಗ, ಬೇರಿನದಲ್ಲ. ಬಾಡದೆ ಬರೀ ಹೊಸ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಅಂಶ ಸಿಗುತ್ತಿಲ್ಲ. ಮಣ್ಣಿನ ಪಿಎಚ್ ಅಳೆಯಿರಿ. ರಾಸ್ಪ್‌ಬೆರಿಗೆ ಹಿಡಿಸುವುದು ಸುಮಾರು 5.5ರಿಂದ 6.5.

ಗೊಂದಲ ಜಾಸ್ತಿ ಆಗುವುದು ವರ್ಟಿಸಿಲಿಯಂ ಸೊರಗು ರೋಗದ ಜೊತೆ. ಅದೂ ಮಣ್ಣಿನಿಂದಲೇ ಬರುವುದು, ಅದರಲ್ಲೂ ಗಿಡ ಬಾಡುವುದೇ. ವ್ಯತ್ಯಾಸ ಇಷ್ಟು: ಅಲ್ಲಿ ಎಲೆ ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹೋಗುತ್ತದೆ. ಎಷ್ಟೋ ಸಲ ಕಡ್ಡಿಯ ಒಂದೇ ಬದಿ ಬಾಡುತ್ತದೆ, ಕಡ್ಡಿಯ ಮೇಲೆ ನೀಲಿ ನೇರಳೆ ಪಟ್ಟೆ ಏಳುತ್ತದೆ. ಬೇರು ಕೊಳೆತಿರುವುದಿಲ್ಲ. ಆ ಜಾಗದಲ್ಲಿ ಮೊದಲು ಟೊಮೆಟೊ, ಆಲೂಗಡ್ಡೆ, ಬದನೆ, ಮೆಣಸಿನಕಾಯಿ ಬೆಳೆದಿದ್ದರೆ ಈ ಅನುಮಾನಕ್ಕೆ ಇನ್ನೂ ಬಲ ಬರುತ್ತದೆ.

ಹಳೆ ಮರದ ಬೊಡ್ಡೆ ಇದ್ದ ಜಾಗವಾದರೆ ಬುಡದ ಸಿಪ್ಪೆ ಬಿಡಿಸಿ ನೋಡಿ. ಬೀಸಣಿಗೆಯ ಆಕಾರದಲ್ಲಿ ಬಿಳಿ ಬೂಸ್ಟು ಅಂಟಿಕೊಂಡಿದ್ದು ಅಣಬೆಯ ವಾಸನೆ ಬಂದರೆ ಅದು ಆರ್ಮಿಲೇರಿಯಾ ಅನ್ನುವ ಇನ್ನೊಂದು ಬೇರು ಕೊಳೆ. ಬೇರಿನ ಮೇಲೆ ಗಂಟು ಗಂಟಾಗಿದ್ದರೆ ಬ್ಯಾಕ್ಟೀರಿಯಾದ ಗಂಟುರೋಗ.

ಒಳಗಿರುವ ಕಳ್ಳ ಯಾರು?

ರಾಸ್ಪ್‌ಬೆರಿ ಬೇರು ಕೊಳೆಯ ಮುಖ್ಯ ಕಾರಣ ಫೈಟಾಪ್ತೊರಾ ರೂಬಿ ಅನ್ನುವ ರೋಗಾಣು. ಅಡಿಕೆಯ ಕೊಳೆರೋಗ, ಆಲೂಗಡ್ಡೆಯ ಅಂಗಮಾರಿ ಇವೆಲ್ಲ ಇದೇ ಮನೆತನದ ಕೆಲಸ. 1993ರಲ್ಲಿ ಇದನ್ನು ಸ್ಟ್ರಾಬೆರಿಯ ಬೇರಿಗೆ ಬರುವ ರೋಗಾಣುವಿನ ಒಂದು ಬಗೆ ಅಂತ ಹೆಸರಿಸಿದ್ದರು. 2007ರಲ್ಲಿ ಅದನ್ನು ಬೇರೆ ಜಾತಿಯಾಗಿಯೇ ಗುರುತಿಸಿದರು.

ನೋಡಲು ಬೂಸ್ಟಿನ ಹಾಗಿದ್ದರೂ ಇದು ನಿಜವಾದ ಶಿಲೀಂಧ್ರ ಅಲ್ಲ. ನೀರಿನ ಪಾಚಿಗಳಿಗೆ ಹತ್ತಿರದ ಸಂಬಂಧಿ. ಶಿಲೀಂಧ್ರಗಳ ಜೀವಕೋಶದ ಗೋಡೆ ಕೈಟಿನ್‌ನದ್ದಾದರೆ ಇದರದ್ದು ಮುಖ್ಯವಾಗಿ ಸೆಲ್ಯುಲೋಸ್ ಮತ್ತು ಅದರಂಥ ವಸ್ತುಗಳದ್ದು. ಪುಸ್ತಕದ ಮಾತು ಅನ್ನಿಸಬಹುದು, ಆದರೆ ನನ್ನ ಔಷಧಿ ಯಾಕೆ ಕೆಲಸ ಮಾಡಲಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ನಾನು ಹೊಡೆದದ್ದು ಕಾರ್ಬೆಂಡಜಿಮ್. ಶಿಲೀಂಧ್ರಕ್ಕೆ ಅದು ಸರಿ, ಈ ಜಾತಿಗೆ ಅದರ ಲೆಕ್ಕವೇ ಇಲ್ಲ.

ಇನ್ನೊಂದು ವಿಷಯ, ಇದು ಈಜುತ್ತದೆ. ಮಣ್ಣಿನ ಸಂದುಗಳಲ್ಲಿ ನೀರು ತುಂಬಿದಾಗ ಬಾಲವಿರುವ ಸಣ್ಣ ಬೀಜಕಣಗಳನ್ನು ಬಿಡುತ್ತದೆ. ಬೇರು ಹೊರಹಾಕುವ ರಸದ ಜಾಡು ಹಿಡಿದು ಅವು ಎಳೆಬೇರಿಗೆ ಹೋಗಿ ಅಂಟುತ್ತವೆ. ಮಣ್ಣು ಬಸಿದು ಗಾಳಿಯಾಡಿದರೆ ಈಜಲು ನೀರಿಲ್ಲ. ಮುಂದೆ ಹೇಳುವ ಉಪಾಯಗಳಲ್ಲಿ ಹೆಚ್ಚಿನವು ಈ ಒಂದು ಮಾತಿನ ಮೇಲೆ ನಿಂತಿವೆ. ಜೊತೆಗೆ ಕೊಳೆತ ಬೇರಿನೊಳಗೆ ದಪ್ಪ ಗೋಡೆಯ ಬೇರೆ ಥರದ ಬೀಜಕಣಗಳೂ ಆಗುತ್ತವೆ. ಅವು ಗಿಡವೇ ಇಲ್ಲದೆ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತಾ ಬಿದ್ದಿರುತ್ತವೆ.

ಮಣ್ಣಿನ ಪರೀಕ್ಷೆ

ರೋಗಿಯ ಪಕ್ಕದಲ್ಲೇ, ಆದರೆ ಸಾಲಿನಿಂದ ಸ್ವಲ್ಪ ಹೊರಗೆ, ಒಂದಡಿ ಅಗಲ ಒಂದಡಿ ಆಳದ ಗುಂಡಿ ತೆಗೆಯಿರಿ. ನೀರು ತುಂಬಿಸಿ, ಪೂರ್ತಿ ಇಂಗಲು ಬಿಡಿ. ಇದು ಒಣ ಮಣ್ಣು ಕುಡಿಯುವ ನೀರು, ಲೆಕ್ಕಕ್ಕಿಲ್ಲ. ಎರಡನೇ ಸಲ ತುಂಬಿಸಿ, ಒಂದು ಕೋಲು ನಿಲ್ಲಿಸಿ ಗಂಟೆಗೊಮ್ಮೆ ಗುರುತು ಮಾಡಿ. ಗಂಟೆಗೆ ಒಂದು ಇಂಚಿಗಿಂತ ಜಾಸ್ತಿ ಇಳಿದರೆ ಪರವಾಗಿಲ್ಲ. ಅದಕ್ಕಿಂತ ಕಡಿಮೆಯಾದರೆ ಬಸಿಯುವಿಕೆ ಸಾಲದು. ಮಾರನೇ ದಿನವೂ ಗುಂಡಿಯಲ್ಲಿ ನೀರು ನಿಂತಿದ್ದರೆ ಅಲ್ಲಿ ನೆಲಮಟ್ಟದಲ್ಲಿ ರಾಸ್ಪ್‌ಬೆರಿ ನೆಡುವ ಆಸೆ ಬಿಡಿ.

ಮೇಲಿನ ಮಣ್ಣು ಸಡಿಲವಾಗಿ ಚೆನ್ನಾಗಿದ್ದು ಒಂದಡಿ ಕೆಳಗೆ ಗಟ್ಟಿ ಪದರ ಇರುವುದೂ ಉಂಟು. ಗುಂಡಿಯ ತಳಕ್ಕೆ ಕಬ್ಬಿಣದ ಸರಳು ಚುಚ್ಚಿದರೆ ಗೊತ್ತಾಗುತ್ತದೆ. ಕುಂಡದಲ್ಲಿ ಬೆಳೆಸುವವರಿಗೆ ಇಷ್ಟೆಲ್ಲ ಬೇಡ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತಿದೆಯಾ, ತೂತಿನಲ್ಲಿ ಬೇರು ಸಿಕ್ಕಿಕೊಂಡಿದೆಯಾ ನೋಡಿದರೆ ಸಾಕು.

ಲ್ಯಾಬಿಗೆ ಕಳಿಸಬೇಕಾ?

ಎರಡು ಗಿಡದ ಮಾತಾದರೆ ಬೇಡ. ತೋಟವೇ ಇದ್ದರೆ ಕಳಿಸಿ, ಯಾಕೆಂದರೆ ಮುಂದಿನ ಖರ್ಚೆಲ್ಲ ಈ ಉತ್ತರದ ಮೇಲೆ ನಿಂತಿದೆ. ಕಳಿಸುವಾಗ ಸತ್ತ ಬೇರು ಬೇಡ, ಬಿಳಿ ಮತ್ತು ಕೆಂಪು ಸೇರುವ ಆ ಗಡಿಯ ತುಂಡು ಬೇಕು. ಜೊತೆಗೆ ಬೇರಿನ ಸುತ್ತಲಿನ ಒಂದು ಹಿಡಿ ತೇವದ ಮಣ್ಣು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೆರಳಲ್ಲಿಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಒಂದು ಮಧ್ಯಾಹ್ನ ಇಟ್ಟರೆ ಸಾಕು, ರೋಗಾಣು ಸತ್ತು ವರದಿ ಏನೂ ಇಲ್ಲ ಅಂತ ಬರಬಹುದು. ಇತ್ತೀಚೆಗೆ ಔಷಧಿ ಹಾಕಿದ್ದರೆ ಅದನ್ನೂ ಬರೆದು ಕಳಿಸಿ.

ಈಗ ಮಾಡುವುದೇನು

ಬುಡ ಪೂರ್ತಿ ಕೆಂಪಾದ ಗಿಡವನ್ನು ಉಳಿಸುವ ಔಷಧಿ ಇಲ್ಲ. ಕೇಳಲು ಬೇಜಾರಾಗುತ್ತದೆ, ಆದರೆ ಇದನ್ನು ಒಪ್ಪಿಕೊಂಡಷ್ಟು ಬೇಗ ಪಕ್ಕದ ಗಿಡಗಳು ಉಳಿಯುತ್ತವೆ. ಅಂಥ ಗಿಡವನ್ನೂ, ನೋಡಲು ಚೆನ್ನಾಗಿದ್ದರೂ ಅದಕ್ಕೆ ಅಂಟಿಕೊಂಡಿರುವ ಒಂದೆರಡು ಗಿಡಗಳನ್ನೂ ಬೇರು ಸಮೇತ ತೆಗೆಯಿರಿ. ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಆ ಸಾಲಿನ ಮರಿಗಿಡ ಕಿತ್ತು ಬೇರೆ ಕಡೆ ನೆಡಬೇಡಿ, ಸ್ನೇಹಿತರಿಗಂತೂ ಕೊಡಲೇಬೇಡಿ. ಸಲಿಕೆ, ಬೂಟು ತೊಳೆದು ಒಣಗಿಸಿ. ನನ್ನ ತೋಟಕ್ಕೆ ರೋಗ ಬಂದದ್ದು ಬಹುಶಃ ಕೊಂಡು ತಂದ ಗಿಡದ ಬೇರಿಗೆ ಅಂಟಿದ್ದ ಮಣ್ಣಿನಲ್ಲೇ. ಆಗ ಆ ಮಣ್ಣನ್ನು ನೋಡಿ ಒಳ್ಳೆಯದೇ ಆಯಿತು ಅಂದುಕೊಂಡಿದ್ದೆ.

ಉಳಿದ ಸಾಲಿನಿಂದ ನೀರು ಹೊರಗೆ ಹೋಗಲು ಬಸಿಗಾಲುವೆ ತೆಗೆಯಿರಿ. ಬುಡದ ಮೇಲೆ ದಪ್ಪಗೆ ಹುಲ್ಲಿನ ಹೊದಿಕೆ ಇದ್ದರೆ ಸರಿಸಿ. ಹೊಸದಾಗಿ ನೆಟ್ಟ ವರ್ಷ ಹೊದಿಕೆ ಒಳ್ಳೆಯದೇ, ಆದರೆ ನೀರು ನಿಲ್ಲುವ ಮಣ್ಣಿನಲ್ಲಿ ಅದು ತೇವವನ್ನು ಹಿಡಿದಿಟ್ಟು ರೋಗಕ್ಕೇ ಅನುಕೂಲ ಮಾಡಿಕೊಡುತ್ತದೆ. ಕಾಲುವೆಯಲ್ಲಿ ನೀರು ಹಾಯಿಸುವುದು ಬಿಟ್ಟು ಡ್ರಿಪ್‌ಗೆ ಬನ್ನಿ. ಹಾಯಿಸಿದ ನೀರು ಒಂದು ಗಿಡದ ರೋಗವನ್ನು ಇನ್ನೊಂದಕ್ಕೆ ಹಂಚುತ್ತಾ ಹೋಗುತ್ತದೆ.

ಔಷಧಿ ಅನ್ನುವುದು ಇದೆಲ್ಲ ಆದ ಮೇಲೆ, ಇನ್ನೂ ರೋಗ ತಗುಲದ ಅಥವಾ ಈಗಷ್ಟೇ ತಗುಲಿದ ಗಿಡಗಳಿಗೆ ಮಾತ್ರ. ಈ ಜಾತಿಯ ಮೇಲೆ ಕೆಲಸ ಮಾಡುವುದು ಮುಖ್ಯವಾಗಿ ಎರಡು ಗುಂಪು. ಮೆಟಲಾಕ್ಸಿಲ್, ಮೆಫೆನಾಕ್ಸಾಮ್ ಒಂದು. ಇವು ಗಿಡದೊಳಗೆ ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗುತ್ತವೆ, ಹಾಗಾಗಿ ಬುಡದ ಮಣ್ಣಿಗೇ ಹಾಕಬೇಕು. ಎಲೆಗೆ ಹೊಡೆದರೆ ಬೇರಿಗೆ ಏನೂ ಸಿಗುವುದಿಲ್ಲ. ಇನ್ನೊಂದು ಫೋಸೆಟೈಲ್ ಅಲ್ಯೂಮಿನಿಯಂ ಮತ್ತು ಫಾಸ್ಫೋನೇಟ್‌ಗಳು. ಇವು ಮೇಲಕ್ಕೂ ಕೆಳಕ್ಕೂ ಓಡಾಡುವುದರಿಂದ ಎಲೆಗೆ ಹೊಡೆದರೂ ಬೇರಿಗೆ ಇಳಿಯುತ್ತವೆ. ಯಾವುದಾದರೂ ಸರಿ, ರಾಸ್ಪ್‌ಬೆರಿಗೆ ಬಳಸಲು ಅನುಮತಿ ಇದೆಯಾ, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಲೇಬಲ್ ಓದಿಯೇ ಬಳಸಿ. ಬಾಡುವ ಕಾಲದಲ್ಲಿ ಹಾಕಿ ಪ್ರಯೋಜನವಿಲ್ಲ. ಬೇರಿಗೆ ಸೋಂಕು ತಗುಲುವ ತಂಪು, ಒದ್ದೆ ಕಾಲಕ್ಕೆ ಮೊದಲೇ ಹಾಕಿರಬೇಕು.

ಮತ್ತೆ ನೆಡುವಾಗ

ಅದೇ ಜಾಗದಲ್ಲಿ ಬೇಡ. ಬೇರೆ ದಾರಿಯೇ ಇಲ್ಲದಿದ್ದರೆ ಕನಿಷ್ಠ 25ರಿಂದ 30 ಸೆಂಟಿಮೀಟರ್ ಎತ್ತರದ ಮಡಿ ಮಾಡಿ, ಅದರ ಮೇಲೆ ನೆಡಿ. ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಯೋಗಗಳಲ್ಲಿ ಎತ್ತರದ ಮಡಿ ಮತ್ತು ಜಿಪ್ಸಂ ಎರಡೂ ಈ ರೋಗವನ್ನು ತಗ್ಗಿಸಿದ್ದವು. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ರೋಗಾಣುವಿಗೆ ಅಡ್ಡಿಯಾಗುತ್ತದೆ. ಸುಣ್ಣದ ಹಾಗೆ ಪಿಎಚ್ ಏರಿಸುವುದಿಲ್ಲ ಅನ್ನುವುದು ಇನ್ನೊಂದು ಲಾಭ. ಬಿಸಿಲು ಚೆನ್ನಾಗಿ ಬೀಳುವ ಕಡೆ ನೆಡುವ ಮೊದಲು ಒದ್ದೆ ಮಣ್ಣಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿದು ನಾಲ್ಕರಿಂದ ಆರು ವಾರ ಬಿಟ್ಟರೆ ಮೇಲ್ಪದರದ ರೋಗಾಣು ಬಹಳಷ್ಟು ಸಾಯುತ್ತದೆ.

ತಳಿಯಲ್ಲೂ ವ್ಯತ್ಯಾಸ ಇದೆ. ಟೈಟನ್, ಫೆಸ್ಟಿವಲ್ ತುಂಬಾ ಬೇಗ ಬಲಿಯಾಗುತ್ತವೆ. 1920ರಲ್ಲಿ ಬಂದ ಹಳೆಯ ಲೇಥಮ್ ಇವತ್ತಿಗೂ ಚೆನ್ನಾಗಿ ತಡೆದುಕೊಳ್ಳುತ್ತದೆ. ಸ್ಕಾಟ್ಲೆಂಡಿನ ವಿಜ್ಞಾನಿಗಳು ತಡೆಯುವ ಗುಣ ಎಲ್ಲಿದೆ ಅಂತ ಹುಡುಕಲು ಇದೇ ಲೇಥಮ್ ಅನ್ನು ಬೇಗ ಕೊಳೆಯುವ ಗ್ಲೆನ್ ಮೋಯ್ ಜೊತೆ ಕೂಡಿಸಿದರು. ಪ್ರಿಲ್ಯೂಡ್, ಕ್ಯಾಸ್ಕೇಡ್ ಬೌಂಟಿ ಕೂಡ ಗಟ್ಟಿ. ಗಟ್ಟಿ ತಳಿಯಾದರೂ ಕೆಸರಿನಲ್ಲಿ ನೆಟ್ಟರೆ ಉಳಿಯುವುದಿಲ್ಲ. ಗಿಡ ಕೊಳ್ಳುವಾಗ ಟಿಶ್ಯೂ ಕಲ್ಚರ್‌ನದ್ದೋ ರೋಗಮುಕ್ತ ಅಂತ ಪ್ರಮಾಣಪತ್ರ ಇರುವುದೋ ಕೇಳಿ. ಕುಂಡದಿಂದ ತೆಗೆಸಿ ಬೇರು ನೋಡಿ, ಬೇಕಿದ್ದರೆ ಅಲ್ಲೇ ಉಗುರಲ್ಲಿ ಕೆರೆದು ನೋಡಿ. ಮಾರುವವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಹೊಸ ಮಡಿಯಲ್ಲಿ ನಾನು ಈಗ ಎಲೆ ಬಾಡುವವರೆಗೆ ಕಾಯುವುದಿಲ್ಲ. ಪ್ರತಿ ವರ್ಷ ಹೊಸ ಕಡ್ಡಿ ಮೊಣಕಾಲುದ್ದ ಬಂದಾಗ ಸಾಲಿನ ಒಂದೊಂದು ಮೀಟರಿಗೆ ಎಷ್ಟು ಎದ್ದಿವೆ ಅಂತ ಎಣಿಸಿ ಬರೆದಿಡುತ್ತೇನೆ. ತಗ್ಗಿನ ಕಡೆಯ ಮೀಟರಿನಲ್ಲಿ ಎಣಿಕೆ ಹಿಂದಿನ ವರ್ಷಕ್ಕಿಂತ ಅರ್ಧಕ್ಕೆ ಇಳಿದರೆ, ಮೇಲೆ ಎಷ್ಟೇ ಹಸಿರಿದ್ದರೂ, ಅಲ್ಲೊಂದು ಗಿಡದ ಬದಿಗೆ ಸಲಿಕೆ ಇಳಿಸುತ್ತೇನೆ.